ನಮ್ಮ ಕಣ್ಣ ಕೆಳಗಿನ ಕೆರೆ ತುಂಬಿಸಲು ಬರಲಿರುವ ಮಹನೀಯರಿಗೆ

ಮಾನ್ಯರೇ,

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ನಿದ್ದೆಗೆಟ್ಟ ನಾಗರಿಕರೆಲ್ಲರ ಪರವಾಗಿ ನಿಮಗೆ ಶರಣು. ಇವರ ಪರವಾಗಿ ಮಾತಾಡಲು ನನ್ನನ್ನು ಯಾರೂ ಆರಿಸಿ ಕಳಿಸಿಲ್ಲ. ಬಹಿರಂಗ ಪತ್ರ ಬರೆಯುವವನ ಹತ್ತಿರ ಡಿಗ್ರಿಯನ್ನಾಗಲಿ ಲೈಸೆನ್ಸನ್ನಾಗಲಿ ಯಾರೂ ಕೇಳುವುದಿಲ್ಲ. ಈ ಒಂದು ವಿಷಯದಲ್ಲಿ ನಾನೂ ನೀವೂ ಒಂದೇ ಕಸುಬಿನವರು.

ನೀವು ಯಾರೆಂಬುದನ್ನು ಮೊದಲೇ ಬಿಡಿಸಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಬೇರೆಯವರು ಮೈಮೇಲೆ ಹಾಕಿಕೊಂಡಾರು. ಎಂ.ಬಿ.ಬಿ.ಎಸ್. ಮುಗಿಸಿ, ಆಮೇಲೆ ಚರ್ಮರೋಗವನ್ನೋ ಪ್ಲಾಸ್ಟಿಕ್ ಸರ್ಜರಿಯನ್ನೋ ವರ್ಷಗಟ್ಟಲೆ ಓದಿ, ಮುಖದ ಒಂದೊಂದು ನರ, ಒಂದೊಂದು ರಕ್ತನಾಳದ ದಾರಿ ತಿಳಿದವರಿಗೆ ಈ ಪತ್ರವಲ್ಲ. ಅಂಥವರಲ್ಲಿ ಹಲವರಿಗೆ ಒಂದು ಕೆಟ್ಟ ಅಭ್ಯಾಸವಿದೆ. ದುಡ್ಡು ಹಿಡಿದು ಬಂದವರನ್ನೂ ‘ನಿಮಗೆ ಇದು ಬೇಡಮ್ಮ, ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ’ ಎಂದು ವಾಪಸು ಕಳಿಸುತ್ತಾರೆ. ಅವರಿಗೆ ವ್ಯಾಪಾರ ಗೊತ್ತಿಲ್ಲ. ನಾನು ಬರೆಯುತ್ತಿರುವುದು ವ್ಯಾಪಾರ ಗೊತ್ತಿರುವ ನಿಮಗೆ. ಎರಡು ದಿನದ ಕೋರ್ಸಿನ ಸರ್ಟಿಫಿಕೇಟಿಗೆ ಫ್ರೇಮು ಹಾಕಿಸಿ, ಬ್ಯೂಟಿ ಪಾರ್ಲರಿನ ಮಹಡಿ ಕೋಣೆಯಲ್ಲಿ ತಿಂಗಳಿಗೊಂದು ಭಾನುವಾರ ಪರದೆ ಎಳೆದು ಕೂತು, ಬ್ಯಾಗಿನಲ್ಲಿ ತಂದ ಸಿರಿಂಜು ಖಾಲಿಯಾದ ಮೇಲೆ ಸಂಜೆಯ ಬಸ್ಸಿಗೆ ಹೊರಡುವವರು ನೀವು. ನಮ್ಮ ನಾಲ್ಕು ತಾಲ್ಲೂಕಿಗೆ ನೀವಿನ್ನೂ ಕಾಲಿಟ್ಟಿರಲಾರಿರಿ. ನಿಮ್ಮ ರೀಲ್ಸ್ ಮಾತ್ರ ಬಂದಾಗಿದೆ. ಅಡಿಕೆ ಸುಲಿಯುತ್ತ ಕೂತವರ ಮೊಬೈಲಿನಲ್ಲೂ ‘ಹತ್ತು ನಿಮಿಷದಲ್ಲಿ ಕಣ್ಣ ಕೆಳಗಿನ ಕುಳಿ ಮಾಯ’ ಎಂದು ನೀವು ನಗುತ್ತಿದ್ದೀರಿ. ರೀಲ್ಸ್ ಬಂದಮೇಲೆ ನೀವು ಬರುವುದು ತಡವಾಗುವುದಿಲ್ಲ.

ಬನ್ನಿ. ತುಂಬಿಸುವ ಕೆಲಸವೆಂದರೆ ಏನೆಂದು ನಮ್ಮವರಿಗೆ ಗೊತ್ತಿದೆ. ತುಂಗಭದ್ರೆಯ ನೀರನ್ನು ಹರಿಹರ ತಾಲ್ಲೂಕಿನಿಂದ ಪೈಪಿನಲ್ಲಿ ಎತ್ತಿ ಜಗಳೂರಿನ 57 ಕೆರೆ ತುಂಬಿಸುವ ಯೋಜನೆಗಾಗಿ ವರ್ಷಗಟ್ಟಲೆ ಕಾದ ಜನ ನಾವು. ನಿಮ್ಮದೂ ಅಂಥದೇ ಯೋಜನೆ: ಬತ್ತಿದ ಕುಳಿ, ದೂರದಿಂದ ತಂದ ದ್ರವ, ಒಂದು ಕೊಳವೆ. ಆದರೆ ನಮ್ಮ ಹಳ್ಳಿಯ ಹಿರಿಯರು ಕೆರೆಗೆ ನೀರು ಬಿಡುವ ಮೊದಲು ಕೇಳುವುದು ಪೈಪಿನ ಬಗ್ಗೆ ಅಲ್ಲ. ಏರಿ ಗಟ್ಟಿ ಇದೆಯೇ, ಕೋಡಿ ಎಲ್ಲಿ, ಹೆಚ್ಚಾದರೆ ತೂಬು ಎತ್ತುವ ನೀರುಗಂಟಿ ಊರಲ್ಲಿ ಇರುತ್ತಾನೆಯೇ ಎಂದು ಕೇಳುತ್ತಾರೆ. ಆ ಮೂರು ಪ್ರಶ್ನೆಗಳನ್ನೇ ನಿಮಗೂ ಕೇಳಬೇಕೆಂದು ಈ ಪತ್ರ.

ನೀವು ತುಂಬುವ ವಸ್ತುವಿನ ಕುಲಗೋತ್ರ ನಿಮ್ಮ ಬ್ರೋಷರಿನಲ್ಲಿ ಇರುವುದಿಲ್ಲ. ನಾನೇ ಹೇಳುತ್ತೇನೆ, ಗಿರಾಕಿಗಳು ಕೇಳಿದರೆ ಉಪಯೋಗಕ್ಕೆ ಬಂದೀತು. ಅದರ ಹೆಸರು ಹಯಲುರಾನಿಕ್ ಆಮ್ಲ. ಅದನ್ನು 1934ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಎಂಬಿಬ್ಬರು ಮೊದಲು ಬೇರ್ಪಡಿಸಿದ್ದು ಹಸುವಿನ ಕಣ್ಣಿನಿಂದ. ಆಮೇಲೆ ಬಹುಕಾಲ ಅದನ್ನು ಕೋಳಿಹುಂಜದ ಜುಟ್ಟಿನಿಂದ ತೆಗೆದರು. ಈಗ ಹೆಚ್ಚಾಗಿ ಬ್ಯಾಕ್ಟೀರಿಯಾ ಸಾಕಿ ತಯಾರಿಸುತ್ತಾರೆ. 1980ರ ಸುಮಾರಿಗೆ ಇದು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಬಂತು, ಆಮೇಲೆ ಸವೆದ ಮೊಣಕಾಲಿಗೆ. ನಮ್ಮ ಎಷ್ಟೋ ಅಜ್ಜಿಯರು ಈ ದ್ರವದ ಸಹಾಯದಿಂದಲೇ ಮತ್ತೆ ದೃಷ್ಟಿ ಪಡೆದಿದ್ದಾರೆ. ಅಜ್ಜಿಗೆ ಕಣ್ಣು ಕೊಟ್ಟ ದ್ರವ ಮೊಮ್ಮಗಳ ಕಣ್ಣಿಗೆ ಕುತ್ತು ತರಬಲ್ಲದೆಂದರೆ ತಪ್ಪು ದ್ರವದ್ದಲ್ಲ.

ಮುಖ ತುಂಬುವ ಜೆಲ್ ಆಗಿ, ಅಂದರೆ ‘ಫಿಲ್ಲರ್’ ಆಗಿ, ಇದು ಯುರೋಪಿನಲ್ಲಿ 1996ರಲ್ಲಿ, ಅಮೆರಿಕದಲ್ಲಿ 2003ರ ಕೊನೆಯಲ್ಲಿ ಮಾರುಕಟ್ಟೆಗೆ ಬಂತು. ಆದರೆ ಕಣ್ಣ ಕೆಳಗಿನ ಕುಳಿಗೆಂದೇ ಅಮೆರಿಕದ ಔಷಧ ನಿಯಂತ್ರಕರು ಒಂದು ಜೆಲ್‌ಗೆ ಒಪ್ಪಿಗೆ ಕೊಟ್ಟದ್ದು 2022ರ ಜನವರಿಯಲ್ಲಿ. ನಡುವಿನ ಹದಿನೆಂಟು ವರ್ಷ ಅಲ್ಲಿನ ವೈದ್ಯರು ಆ ಜಾಗಕ್ಕೆ ತಮ್ಮ ಸ್ವಂತ ಜವಾಬ್ದಾರಿಯ ಮೇಲೆ ಚುಚ್ಚಿದರು. ಅಷ್ಟೊಂದು ಹಿಂದೇಟಿಗೆ ಕಾರಣ ಆ ಜಾಗವೇ. ಇಡೀ ಮೈಯಲ್ಲಿ ಅತಿ ತೆಳುವಾದ ಚರ್ಮ ರೆಪ್ಪೆಯದು. ಅದರ ಅಡಿಯಲ್ಲಿ ಕೊಬ್ಬು ಕಡಿಮೆ, ನೀರು ಇಳಿದುಹೋಗುವ ದಾರಿ ಕಿರಿದು, ರಕ್ತನಾಳಗಳು ಒತ್ತೊತ್ತು. ಏರಿ ಗಟ್ಟಿಯಿಲ್ಲದ, ಕೋಡಿ ಚಿಕ್ಕದಾದ ಕೆರೆ ಅದು.

ಇನ್ನು ನಮ್ಮ ಕಣ್ಣ ಕೆಳಗೆ ಕಪ್ಪಾಗುವುದೇಕೆ ಎಂಬ ಪ್ರಶ್ನೆ. ನೀವು ಅದನ್ನು ಕೇಳುವುದಿಲ್ಲ, ಕೇಳಬಾರದು ಕೂಡ. ಕೇಳಿದರೆ ಅಂಗಡಿ ಮುಚ್ಚಬೇಕಾದೀತು. ಬೋರ್‌ವೆಲ್ಲಿಗೆ ತ್ರೀಫೇಸ್ ಕರೆಂಟು ರಾತ್ರಿ ಹನ್ನೊಂದಕ್ಕೆ ಬಂದರೆ ಮೋಟರು ಹಾಕಲು ಹೋಗುವವನಿಗೆ ನಿದ್ದೆ ಎಲ್ಲಿಂದ ಬರಬೇಕು? ಚನ್ನಗಿರಿ ಕಡೆ ಅಡಿಕೆ ಸುಗ್ಗಿಯಲ್ಲಿ ಹೆಂಗಸರು ನಡುರಾತ್ರಿಯವರೆಗೆ ಸುಲಿತಕ್ಕೆ ಕೂತು, ಬೇಯಿಸುವ ಒಲೆಯ ಹೊಗೆಗೆ ಕಣ್ಣೊಡ್ಡಿ, ಬೆಳಿಗ್ಗೆ ಮತ್ತೆ ರೊಟ್ಟಿ ತಟ್ಟುತ್ತಾರೆ. ಇದರ ಮೇಲೆ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು. ಅದನ್ನು ಕಂಡುಹಿಡಿಯಲು ನಮ್ಮೂರಿನ ನರ್ಸಮ್ಮ ಏನು ಮಾಡುತ್ತಾರೆ ಗೊತ್ತೇ? ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು ಒಳಗೆ ಕೆಂಪಗಿದೆಯೋ ಬಿಳಿಚಿದೆಯೋ ನೋಡುತ್ತಾರೆ. ನೀವು ಸೂಜಿ ಹಾಕುವುದು ಅದಕ್ಕಿಂತ ಒಂದು ಬೆರಳು ಕೆಳಗೆ. ಅವರು ಅಲ್ಲಿ ನೋಡಿ ಬಿಟ್ಟಿಯಾಗಿ ಕಬ್ಬಿಣದ ಮಾತ್ರೆ ಕೊಡುತ್ತಾರೆ. ನೀವು ಇಲ್ಲಿ ನೋಡಿ ಒಂದು ಎಂ.ಎಲ್. ಜೆಲ್‌ಗೆ ಹದಿನೈದರಿಂದ ಮೂವತ್ತು ಸಾವಿರ ತೆಗೆದುಕೊಳ್ಳುತ್ತೀರಿ. ಟೀ ಚಮಚದ ಐದನೇ ಒಂದು ಭಾಗ ಅದು. ರಾಶಿ ಅಡಿಕೆಗೆ ಕ್ವಿಂಟಾಲಿಗೆ 50 ಸಾವಿರದ ಆಸುಪಾಸು ಸಿಗುವ ದಿನಗಳಲ್ಲೂ ಅರ್ಧ ಕ್ವಿಂಟಾಲ್ ಅಡಿಕೆ ಕಣ್ಣ ಕೆಳಗೆ ಹೋಯಿತೆಂದೇ ಲೆಕ್ಕ. ಅಷ್ಟಾಗಿಯೂ ಜೆಲ್ ತುಂಬುವುದು ಕುಳಿಯನ್ನು, ಅದರಿಂದ ಬೀಳುವ ನೆರಳನ್ನು ಮಾತ್ರ. ಅಮ್ಮನಿಂದ ಮಗಳಿಗೆ ಬಂದ ಚರ್ಮದ ಕಪ್ಪು ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ. ಕಪ್ಪು ಇದ್ದಲ್ಲೇ ಇರುತ್ತದೆ, ಈಗ ಸ್ವಲ್ಪ ಉಬ್ಬಿಕೊಂಡು.

ಇರಲಿ, ನೀವು ಚುಚ್ಚಿದಿರಿ ಎಂದುಕೊಳ್ಳೋಣ. ಮರುದಿನ ಏನಾಗುತ್ತದೆಂಬುದನ್ನು ನಮ್ಮ ಸೀಮೆಯ ಮಾತಿನಲ್ಲಿ ಹೇಳುವುದು ಸುಲಭ: ಹೊನ್ನಾಳಿ ಹೊಡೆತ. ಕಣ್ಣ ಸುತ್ತ ನೀಲಿ, ಆಮೇಲೆ ಹಸಿರು, ಆಮೇಲೆ ಹಳದಿ. ಇದು ಎಷ್ಟೋ ಜನರಿಗೆ ಆಗುವಂಥದೇ, ವಾರ ಎರಡು ವಾರದಲ್ಲಿ ಇಳಿಯುವಂಥದೇ. ವೈದ್ಯರು ಮದುವೆಗೆ ಕನಿಷ್ಠ ಒಂದು ತಿಂಗಳು ಮೊದಲೇ ಬನ್ನಿ ಎನ್ನುವುದೂ ಅದಕ್ಕೇ. ನೀವು ನಿಶ್ಚಿತಾರ್ಥಕ್ಕೆ ಎಂಟು ದಿನ ಇರುವಾಗ ಚುಚ್ಚುತ್ತೀರಿ. ಆಮೇಲೆ ಪಕ್ಕದ ಮನೆಯವರು ಬಾಗಿಲಲ್ಲಿ ನಿಂತು ಕೇಳುತ್ತಾರೆ:

‘ಯಾರು ಹೊಡದ್ರವ್ವಾ?’

‘ಯಾರೂ ಹೊಡ್ದಿಲ್ಲ ದೊಡ್ಡಮ್ಮ, ಬಚ್ಚಲದಾಗೆ ಬಿದ್ದೆ.’

ಬಚ್ಚಲಿನಲ್ಲಿ ಬೀಳುವುದು ನಮ್ಮ ಕಡೆ ಬಹಳ ಹಳೆಯ ಕಾಯಿಲೆ. ಗಂಡ ಹೊಡೆದಾಗ ಹೇಳುವ ಆ ಸುಳ್ಳನ್ನು ಎಲ್ಲರೂ ಗುರುತಿಸುತ್ತಾರೆ, ಎಲ್ಲರೂ ನಂಬಿದಂತೆ ಮಾಡುತ್ತಾರೆ. ‘ದುಡ್ಡು ಕೊಟ್ಟು ಚುಚ್ಚಿಸಿಕೊಂಡೆ’ ಎಂಬ ನಿಜವನ್ನು ಮಾತ್ರ ಯಾರೂ ಕ್ಷಮಿಸುವುದಿಲ್ಲ. ಹಾಗಾಗಿ ಹುಡುಗಿ ಬಾಯಿ ಬಿಡುವುದಿಲ್ಲ. ನಿಮ್ಮ ವ್ಯಾಪಾರದ ನಿಜವಾದ ಬಂಡವಾಳ ಆ ಮೌನ.

ಬಾವು ಇಳಿದ ಮೇಲೆ ಕೆಲವರಿಗೆ ಬೇರೊಂದು ಬಣ್ಣ ಉಳಿಯುತ್ತದೆ. ಜೆಲ್ ಚರ್ಮದ ಮೇಲುಪದರಕ್ಕೆ ಹತ್ತಿರವಾಗಿ ಕೂತರೆ ಬೆಳಕಿನ ನೀಲಿ ಅಂಶ ಅದರಿಂದ ಹೆಚ್ಚು ಚದುರಿ ಹೊರಬರುತ್ತದೆ, ಕಣ್ಣ ಕೆಳಗೆ ತೆಳು ನೀಲಿ ಪಟ್ಟಿ ಕಾಣುತ್ತದೆ. ಹತ್ತೊಂಬತ್ತನೇ ಶತಮಾನದ ಭೌತವಿಜ್ಞಾನಿ ಜಾನ್ ಟಿಂಡಾಲ್ ಹೆಸರಿನಲ್ಲಿ ಇದನ್ನು ಟಿಂಡಾಲ್ ಪರಿಣಾಮ ಎನ್ನುತ್ತಾರೆ. 1921ರಲ್ಲಿ ಸರ್ ಸಿ.ವಿ. ರಾಮನ್ ಹಡಗಿನ ಮೇಲೆ ನಿಂತು ಸಮುದ್ರ ಏಕೆ ನೀಲಿ ಎಂದು ತಲೆ ಕೆಡಿಸಿಕೊಂಡರು, ಮುಂದೆ ಬೆಳಕಿನ ಚದುರುವಿಕೆಯ ಕೆಲಸಕ್ಕೇ ನೊಬೆಲ್ ಪಡೆದರು. ನೀವು ಅದೇ ವಿಜ್ಞಾನವನ್ನು ನಮ್ಮ ಹುಡುಗಿಯರ ಮುಖದ ಮೇಲೆ ಪ್ರಾತ್ಯಕ್ಷಿಕೆಯಾಗಿ ತೋರಿಸಿ, ‘ಇದು ಡಾರ್ಕ್ ಸರ್ಕಲ್, ಇನ್ನೊಂದು ಸಿರಿಂಜು ಬೇಕು’ ಎನ್ನುತ್ತೀರಿ. ನೀಲಿಯನ್ನು ಮುಚ್ಚಲು ನೀಲಿಗೆ ಕಾರಣವಾದದ್ದನ್ನೇ ಇನ್ನಷ್ಟು ಹಾಕುವ ಈ ಉಪಾಯ ಟಿಂಡಾಲ್‌ಗೂ ಹೊಳೆದಿರಲಿಲ್ಲ.

ಮತ್ತೆ ಊತ. ಈ ಜೆಲ್ ನೀರನ್ನು ಎಳೆದುಕೊಳ್ಳುವ ಸ್ವಭಾವದ್ದು. ಹಾಗಾಗಿ ಮೊದಲೇ ಕಣ್ಣ ಕೆಳಗೆ ಚೀಲ ಇದ್ದವರಿಗೆ ಇದನ್ನು ಹಾಕಬಾರದು. ಹಾಕಿದರೆ ಬೆಳಿಗ್ಗೆ ಎದ್ದಾಗ ಚೀಲ ಇನ್ನೂ ದೊಡ್ಡದಾಗಿರುತ್ತದೆ, ಉಪ್ಪಿನಕಾಯಿ ತಿಂದ ಮರುದಿನ ಮತ್ತಷ್ಟು. ಕೆಲವರಿಗೆ ತಿಂಗಳುಗಳು ಕಳೆದು, ಒಂದು ಜ್ವರವೋ ಹಲ್ಲಿನ ಚಿಕಿತ್ಸೆಯೋ ಆದಮೇಲೆ ಅಲ್ಲಿ ಗಂಟು ಏಳುತ್ತದೆ. 2020ರ ಡಿಸೆಂಬರಿನಲ್ಲಿ ಮೊಡೆರ್ನಾ ಕಂಪನಿಯ ಕೋವಿಡ್ ಲಸಿಕೆಯ ಪ್ರಯೋಗದ ವರದಿ ಹೊರಬಂದಾಗ, ಹಿಂದೆ ಮುಖಕ್ಕೆ ಫಿಲ್ಲರ್ ಹಾಕಿಸಿಕೊಂಡಿದ್ದ ಮೂವರಿಗೆ ಮುಖ ಅಥವಾ ತುಟಿ ಊದಿಕೊಂಡದ್ದು ಅದರಲ್ಲಿ ದಾಖಲಾಗಿತ್ತು. ಗುಣವಾಯಿತು, ನಿಜ. ಆದರೆ ಮೈ ಅದನ್ನು ಮರೆತಿರಲಿಲ್ಲ.

ನೀವು ಮಾತ್ರ ‘ಆರು ತಿಂಗಳು, ಹೆಚ್ಚೆಂದರೆ ವರ್ಷ, ತಾನಾಗಿಯೇ ಕರಗುತ್ತದೆ’ ಎನ್ನುತ್ತೀರಿ. ಆಸ್ಟ್ರೇಲಿಯಾದ ವೈದ್ಯರು ಎಂಆರ್‌ಐ ಮಾಡಿ ನೋಡಿದ್ದಾರೆ. ಎರಡು ವರ್ಷಗಳಿಂದ ಸೂಜಿಯನ್ನೇ ಹಾಕಿಸಿಕೊಳ್ಳದ 33 ಜನರ ಮುಖದಲ್ಲೂ ಜೆಲ್ ಇನ್ನೂ ಕೂತಿತ್ತೆಂದು 2024ರಲ್ಲಿ ಪ್ರಕಟಿಸಿದರು. ಕರಗಿತೆಂದು ಭಾವಿಸಿ ವರ್ಷಕ್ಕೊಮ್ಮೆ ‘ಟಾಪ್ ಅಪ್’ ಮಾಡಿಸಿಕೊಳ್ಳುವವರು ತುಂಬಿದ ಕೆರೆಗೇ ಮತ್ತೆ ನೀರು ಬಿಡುತ್ತಿದ್ದಾರೆ. ಅದು ಕೋಡಿ ಬಿದ್ದು ಕೆನ್ನೆಗೆ ಇಳಿಯುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಸೊಟ್ಟ ಮುಖದ ಸಂಗತಿ. ಕಣ್ಣೇ ಹೋಗುವ ಸಂಗತಿ ಬೇರೆ. ಅದು ಅಪರೂಪ, ಬಹಳ ಅಪರೂಪ. ಆದರೆ ಅದಾಗುವ ಬಗೆ ಗೊತ್ತಿದ್ದರೆ ನಿಮ್ಮ ಮಹಡಿ ಕೋಣೆಯಲ್ಲಿ ಯಾರೂ ಮಲಗಲಾರರು. ಕಣ್ಣಿಗೆ ರಕ್ತ ಕೊಡುವ ನಾಳದ ಕವಲುಗಳು ಮೂಗಿನ ಬದಿ, ಹುಬ್ಬಿನ ನಡುವೆ, ಕಣ್ಣ ಮೂಲೆಗಳಲ್ಲಿ ಮುಖದ ನಾಳಗಳ ಜೊತೆ ಕೂಡಿಕೊಳ್ಳುತ್ತವೆ. ಸೂಜಿಯ ಮೊನೆ ಅಂಥ ಒಂದು ನಾಳದೊಳಗೆ ಹೊಕ್ಕು, ನೀವು ಜೋರಾಗಿ ಒತ್ತಿದರೆ, ಜೆಲ್ ರಕ್ತಕ್ಕೆ ಎದುರಾಗಿ ಹಿಂದಕ್ಕೆ ಓಡುತ್ತದೆ. ಒತ್ತುವುದನ್ನು ನಿಲ್ಲಿಸಿದ ಕೂಡಲೇ ರಕ್ತ ಅದನ್ನು ಮುಂದಕ್ಕೆ ತಳ್ಳುತ್ತದೆ, ಈ ಸಲ ನೇರ ಅಕ್ಷಿಪಟಲದ ನಾಳಕ್ಕೆ. ಕೆಲವು ಕ್ಷಣಗಳಲ್ಲಿ ಆ ಕಣ್ಣು ಕತ್ತಲು. 2015ರಲ್ಲಿ ಕೆನಡಾದ ಚರ್ಮವೈದ್ಯೆ ಕೇಟಿ ಬೆಲೆಜ್ನೆ ಮತ್ತು ಜೊತೆಗಾರರು ವೈದ್ಯಕೀಯ ಪತ್ರಿಕೆಗಳನ್ನೆಲ್ಲ ಜಾಲಾಡಿ, ಬಗೆಬಗೆಯ ಫಿಲ್ಲರುಗಳಿಂದ ಹೀಗೆ ದೃಷ್ಟಿಗೆ ಪೆಟ್ಟಾದ 98 ಪ್ರಕರಣ ಲೆಕ್ಕಹಾಕಿದರು. 2019ರಲ್ಲಿ ಮತ್ತೆ 48 ಸೇರಿಸಿದರು. ಹೆಚ್ಚಿನವು ಹುಬ್ಬಿನ ನಡುವೆ ಮತ್ತು ಮೂಗಿಗೆ ಚುಚ್ಚಿದ್ದರಿಂದ ಆದವು. ಕಣ್ಣ ಕೆಳಗಿನ ಜಾಗ ಆ ಪಟ್ಟಿಯಲ್ಲಿ ಮೇಲಿಲ್ಲ, ಹೊರಗೂ ಇಲ್ಲ. ಅಮೆರಿಕದ ನಿಯಂತ್ರಕರು 2015ರ ಮೇ ತಿಂಗಳಲ್ಲೇ ಮುಖದ ರಕ್ತನಾಳಕ್ಕೆ ಫಿಲ್ಲರ್ ಹೋಗುವ ಅಪಾಯದ ಬಗ್ಗೆ ಎಚ್ಚರಿಕೆ ಹೊರಡಿಸಿದ್ದರು.

ರಕ್ತ ನಿಂತ ಮೇಲೆ ಅಕ್ಷಿಪಟಲ ಎಷ್ಟು ಹೊತ್ತು ಕಾಯುತ್ತದೆ? ಭಾರತ ಮೂಲದ ನೇತ್ರತಜ್ಞ ಸೋಹನ್ ಸಿಂಗ್ ಹಯ್ರೆ ಅಮೆರಿಕದಲ್ಲಿ ಮಂಗಗಳ ಮೇಲೆ ಮಾಡಿದ ಪ್ರಯೋಗಗಳಿಂದ ಸುಮಾರು ಒಂದೂವರೆ ಗಂಟೆ ಎಂಬ ಲೆಕ್ಕ ಬಹುಕಾಲ ಚಾಲ್ತಿಯಲ್ಲಿತ್ತು. ಈಚಿನವರು ಅಷ್ಟೂ ಇಲ್ಲ, ನಾಳ ಪೂರ್ತಿ ಕಟ್ಟಿಕೊಂಡರೆ ಹದಿನೈದು ನಿಮಿಷದೊಳಗೇ ಹಾನಿ ಎನ್ನುತ್ತಿದ್ದಾರೆ. ದೊಡ್ಡ ಲೆಕ್ಕವನ್ನೇ ಹಿಡಿಯಿರಿ. ಜಗಳೂರಿನಿಂದ ದಾವಣಗೆರೆಗೆ ಸುಮಾರು 50 ಕಿ.ಮೀ. ಚನ್ನಗಿರಿಯಿಂದ ಅದಕ್ಕಿಂತಲೂ ಹೆಚ್ಚು. ಹೊನ್ನಾಳಿ, ನ್ಯಾಮತಿಯವರಿಗೆ ದಾವಣಗೆರೆಗಿಂತ ಶಿವಮೊಗ್ಗ ಹತ್ತಿರ, ಹತ್ತಿರವೆಂದರೂ ಹೊನ್ನಾಳಿಯಿಂದ 40 ಕಿ.ಮೀ. ಆಸುಪಾಸು. ಹುಡುಗಿ ‘ಕಣ್ಣು ಕಾಣಿಸ್ತಿಲ್ಲ’ ಎಂದ ಮೇಲೆ ನೀವು ‘ಸ್ವಲ್ಪ ಹೊತ್ತಿಗೆ ಸರಿಹೋಗ್ತದೆ, ಐಸ್ ಇಡಿ’ ಎಂದು ಅರ್ಧ ಗಂಟೆ ಕಳೆಯುತ್ತೀರಿ. ಅಪ್ಪನಿಗೆ ಫೋನು ಮಾಡುವುದೋ ಬೇಡವೋ ಎಂದು ಅವಳು ಕಾಲು ಗಂಟೆ ಅಳುತ್ತಾಳೆ. ಕಾರು ಸಿಗಬೇಕು. ದಾವಣಗೆರೆಯ ಚಿಗಟೇರಿ ಆಸ್ಪತ್ರೆಯ ಗೇಟಿಗೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಗೇಟಿಗೋ ಮುಟ್ಟುವ ಹೊತ್ತಿಗೆ ಹಯ್ರೆಯವರ ಮಂಗದ ಕಣ್ಣೂ ಕಾದಿರುವುದಿಲ್ಲ. ಬೆಂಗಳೂರಿನ ಒಳ್ಳೆಯ ಕ್ಲಿನಿಕ್ಕಿನಲ್ಲಿ ಇದೇ ಅವಘಡವಾದರೆ ಔಷಧ ಅದೇ ಕೋಣೆಯ ಕಪಾಟಿನಲ್ಲಿರುತ್ತದೆ. ಅಲ್ಲೂ ಹೋದ ದೃಷ್ಟಿ ಮರಳುವುದು ಕಡಿಮೆಯೇ, ಆದರೆ ಕನಿಷ್ಠ ಯತ್ನವಾದರೂ ನಡೆಯುತ್ತದೆ. ನಮ್ಮ ತಾಲ್ಲೂಕುಗಳಿಗೆ ನೀವು ತರುತ್ತಿರುವುದು ಬೆಂಗಳೂರಿನ ಸೂಜಿಯನ್ನು ಮಾತ್ರ, ಕಪಾಟನ್ನಲ್ಲ.

ಆ ಕಪಾಟಿನ ಔಷಧದ ಹೆಸರು ಹಯಲುರಾನಿಡೇಸ್. ಜೆಲ್ ಕರಗಿಸುವ ಕಿಣ್ವ. ನಮ್ಮ ಕೆರೆಯ ತೂಬು ಇದೇ. ವಿಜ್ಞಾನಿ ಡ್ಯುರಾನ್ ರೆನಾಲ್ಸ್ 1928ರಲ್ಲಿ ಪ್ರಾಣಿಯ ವೃಷಣದ ರಸದಲ್ಲಿ ಇದರ ಗುಣವನ್ನು ಮೊದಲು ಗಮನಿಸಿದರು. ಹಾವಿನ ವಿಷದಲ್ಲೂ ಜೇನ್ನೊಣದ ವಿಷದಲ್ಲೂ ಇದೇ ಜಾತಿಯ ಕಿಣ್ವವಿದೆ. ವಿಷ ಮೈಯಲ್ಲಿ ಬೇಗ ಹರಡುವುದಕ್ಕೆ ದಾರಿ ಬಿಡಿಸುವುದು ಅದೇ. ಆದ್ದರಿಂದ ಜೇನು ಕಚ್ಚಿದಾಗ ಮೈಯೆಲ್ಲ ದದ್ದೆದ್ದು ಉಸಿರು ಕಟ್ಟಿದ ಅನುಭವ ಇದ್ದವರಿಗೆ ಈ ಚುಚ್ಚುಮದ್ದು ಕೊಡುವಾಗ ವೈದ್ಯರು ಎರಡು ಸಲ ಯೋಚಿಸುತ್ತಾರೆ. ತೋಟದಲ್ಲಿ ಹುಟ್ಟಿ ಬೆಳೆದವರನ್ನು ಈ ಪ್ರಶ್ನೆ ಕೇಳದೆ ಚುಚ್ಚುವುದು ಸರಿಯಲ್ಲ. ಇದನ್ನೆಲ್ಲ ನಿಮ್ಮ ಎರಡು ದಿನದ ಕೋರ್ಸಿನಲ್ಲಿ ಊಟದ ಮೊದಲು ಹೇಳಿದರೋ ಊಟದ ನಂತರವೋ?

ಕಣ್ಣು ಹೋಗದೆ ಬರೀ ಮುಖ ಕೆಟ್ಟವರ ಪಾಡು ಇನ್ನೂ ಉದ್ದ. ಹುಡುಗಿ ಮೊದಲು ಮೆಡಿಕಲ್ ಶಾಪಿನಲ್ಲಿ ಸ್ಟೀರಾಯ್ಡ್ ಮುಲಾಮು ಕೊಳ್ಳುತ್ತಾಳೆ. ಅದು ರೆಪ್ಪೆಯ ಚರ್ಮವನ್ನು ಮತ್ತಷ್ಟು ತೆಳ್ಳಗಾಗಿಸುತ್ತದೆ. ಆಮೇಲೆ ಯಾರೋ ಹೇಳಿದರೆಂದು ಒತ್ತಿ ತಿಕ್ಕುತ್ತಾಳೆ. ಗಂಟು ಜಾಗ ಬದಲಿಸುತ್ತದೆ. ಕೊನೆಗೆ ಜಿಲ್ಲಾ ಕೇಂದ್ರದ ಚರ್ಮತಜ್ಞರ ಮುಂದೆ ಕೂತಾಗ ಅವರು ಕೇಳುವುದು ಒಂದೇ ಪ್ರಶ್ನೆ: ‘ಏನು ಹಾಕಿದ್ದಾರೆ?’ ಅವಳಿಗೆ ಗೊತ್ತಿಲ್ಲ. ಹಯಲುರಾನಿಕ್ ಆಮ್ಲವಾದರೆ ಕರಗಿಸಬಹುದು, ಅದೂ ಹಂತಹಂತವಾಗಿ, ವಾರಗಳ ಅಂತರದಲ್ಲಿ, ಕರಗಿದ ಮೇಲೆ ಕುಳಿ ಮೊದಲಿಗಿಂತ ಆಳವಾಗಿ ಕಂಡು ಎದೆ ಒಡೆಯುವುದಕ್ಕೂ ಸಿದ್ಧವಾಗಿ. ಕ್ಯಾಲ್ಸಿಯಂ ಕಣಗಳ ಜೆಲ್ಲೋ ಸಿಲಿಕೋನೋ ಆಗಿದ್ದರೆ ಈ ತೂಬಿನಿಂದ ಒಂದು ಹನಿಯೂ ಹೊರಬರುವುದಿಲ್ಲ. ಅಸಲಿ ಜೆಲ್‌ನ ಡಬ್ಬಿಯಲ್ಲಿ ಬ್ಯಾಚ್ ನಂಬರಿನ ಅಂಟುಚೀಟಿ ಇರುತ್ತದೆ, ಒಂದನ್ನು ದಾಖಲೆಗೆ ಹಚ್ಚಿ ಒಂದನ್ನು ಗಿರಾಕಿಗೆ ಕೊಡಲೆಂದೇ. ನೀವು ಆ ಚೀಟಿ ಕೊಡುವುದಿಲ್ಲ, ಬಿಲ್ ಕೊಡುವುದಿಲ್ಲ, ಕೊಟ್ಟರೂ ‘ಫೇಶಿಯಲ್’ ಎಂದು ಬರೆಯುತ್ತೀರಿ. ಉಳಿಯುವ ಏಕೈಕ ವೈದ್ಯಕೀಯ ದಾಖಲೆ ಫೋನ್‌ಪೇ ಸಂದೇಶ.

ನಿಮ್ಮ ವಿದ್ಯಾಭ್ಯಾಸದ ಬಗ್ಗೆ ಎರಡು ಮಾತು. 2022ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಸೌಂದರ್ಯ ಚಿಕಿತ್ಸೆ ಮತ್ತು ಕೂದಲು ಕಸಿಯ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಕಾರ್ಯಾಗಾರದಲ್ಲಿ ಕೂತು ನೋಡಿದ್ದು, ಯೂಟ್ಯೂಬಿನಲ್ಲಿ ನೋಡಿದ್ದು ತರಬೇತಿಯಾಗುವುದಿಲ್ಲ ಎಂದು ಅದರಲ್ಲಿ ಬರೆಯಬೇಕಾಗಿ ಬಂತು. ದೇಶದ ಅತ್ಯುನ್ನತ ವೈದ್ಯಕೀಯ ಸಂಸ್ಥೆ ಇದನ್ನು ಬಾಯಿಬಿಟ್ಟು ಹೇಳಬೇಕಾಯಿತೆಂದರೆ ನಿಮ್ಮ ಸಹಪಾಠಿಗಳ ಸಂಖ್ಯೆ ಕಡಿಮೆಯಿರಲಿಕ್ಕಿಲ್ಲ. ಯೂಟ್ಯೂಬ್ ವಿದ್ಯೆಯ ಮಹಿಮೆ ನ್ಯಾಮತಿಯವರಿಗೆ ಹೊಸದೇನಲ್ಲ ಬಿಡಿ. 2024ರ ಅಕ್ಟೋಬರಿನಲ್ಲಿ ಅಲ್ಲಿನ ಸ್ಟೇಟ್ ಬ್ಯಾಂಕ್ ಶಾಖೆಯಿಂದ ಜನ ಅಡವಿಟ್ಟ 17.7 ಕೆ.ಜಿ. ಚಿನ್ನ ಹೋಯಿತು. ಆರೋಪಿಗಳು ಯೂಟ್ಯೂಬ್ ವಿಡಿಯೊ ಮತ್ತು ವಿದೇಶಿ ಧಾರಾವಾಹಿ ನೋಡಿ ಕಲಿತಿದ್ದರೆಂದು ಮುಂದಿನ ವರ್ಷ ಪೊಲೀಸರು ಹೇಳಿದರು. ಚಿನ್ನದ ಬಹುಪಾಲನ್ನು ತಮಿಳುನಾಡಿನ ಉಸಿಲಂಪಟ್ಟಿಯ ಬಾವಿಯಿಂದ ಎತ್ತಿ ತಂದರು. ತಾಳಿ ಅಡವಿಟ್ಟಿದ್ದವರು ನಿಟ್ಟುಸಿರು ಬಿಟ್ಟರು. ಅಂಥ ಕಸುಬಿನಲ್ಲೂ ಕಳೆದದ್ದು ಬಾವಿಯಲ್ಲಾದರೂ ಸಿಗುತ್ತದೆ, ನೋಡಿ.

ಜಗಳೂರಿಗೆ ಬಂದಾಗ ರಂಗಯ್ಯನದುರ್ಗದ ಕೊಂಡುಕುರಿ ವನ್ಯಧಾಮಕ್ಕೂ ಹೋಗಿಬನ್ನಿ. ನಾಲ್ಕು ಕೊಂಬಿನ ಆ ಪುಟ್ಟ ಜಿಂಕೆಗೆ ಕಣ್ಣಿನ ಮುಂಭಾಗದಲ್ಲಿ ಹುಟ್ಟಿನಿಂದಲೇ ಗ್ರಂಥಿಯ ಉಬ್ಬು ಇದೆ. ಗಿಡಗಳಿಗೆ ಉಜ್ಜಿ ತನ್ನ ಗುರುತು ಬಿಡುವುದು ಅದರಿಂದಲೇ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪರಿಶಿಷ್ಟದಲ್ಲಿ ಅದಕ್ಕೆ ಜಾಗವಿದೆ, ಅದನ್ನು ಮುಟ್ಟಿದವನು ಜೈಲಿಗೆ ಹೋಗುತ್ತಾನೆ. ನೀವು ಉಬ್ಬು ತರಿಸಿದ ನಮ್ಮ ಹುಡುಗಿಯರಿಗೆ ಅಷ್ಟು ಬಲವಾದ ಕಾಯ್ದೆ ಇಲ್ಲದಿದ್ದರೂ ಏನೂ ಇಲ್ಲವೆಂದಲ್ಲ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಿಂದ ಇದೆ. ಚಿಕಿತ್ಸೆ ಕೊಡುವ ಪ್ರತಿ ಖಾಸಗಿ ಜಾಗವೂ ನೋಂದಣಿಯಾಗಿರಬೇಕು, ಆ ನೋಂದಣಿ ಪತ್ರ ಬಂದವರಿಗೆ ಕಾಣುವಂತೆ ಇರಬೇಕು. ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ಯಾರು ಬೇಕಾದರೂ ದೂರು ಕೊಡಬಹುದು. ದುಡ್ಡು ಪಡೆದು ಕೊಟ್ಟ ಚಿಕಿತ್ಸೆ ಗ್ರಾಹಕ ಕಾನೂನಿನ ಕೆಳಗೆ ಬರುತ್ತದೆಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. ಪರದೆಯ ಹಿಂದೆ ನಡೆಯುವ ಸೂಜಿಗೆ ನೋಂದಣಿ ಎಲ್ಲಿಂದ ಬರಬೇಕು ಎನ್ನುತ್ತೀರಾ? ಅದನ್ನೇ ಹೇಳಿದೆ.

ದೂರು ಕೊಡುವವರೇ ಇಲ್ಲವೆಂಬ ಧೈರ್ಯ ನಿಮಗೆ. ಅದು ಹುಸಿ ಧೈರ್ಯವಲ್ಲ. 2022ರ ಮೇ 16ರಂದು ಬೆಂಗಳೂರಿನಲ್ಲಿ ಕನ್ನಡ ಕಿರುತೆರೆಯ ನಟಿ ಚೇತನಾ ರಾಜ್ ಕೊಬ್ಬು ಕರಗಿಸುವ ಶಸ್ತ್ರಚಿಕಿತ್ಸೆಗೆ ಹೋಗಿ ತೀರಿಕೊಂಡಾಗ ಅವರಿಗೆ 21 ವರ್ಷ. ಚಿಕಿತ್ಸೆಗೆ ಹೋಗುವುದು ಹೆತ್ತವರಿಗೆ ಗೊತ್ತಿರಲಿಲ್ಲ. ಆ ಪ್ರಕರಣ ಬೇರೆ, ಚಿಕಿತ್ಸೆ ಬೇರೆ. ಇಲ್ಲಿ ವ್ಯಂಗ್ಯಕ್ಕೆ ಜಾಗವಿಲ್ಲ. ಮುಂಬಯಿಯ ನಟಿ ಉರ್ಫಿ ಜಾವೇದ್ ಹಾಗೆ ಗುಟ್ಟು ಮಾಡಲಿಲ್ಲ. 2025ರ ಜುಲೈನಲ್ಲಿ ತುಟಿಯ ಫಿಲ್ಲರ್ ಕರಗಿಸಿಕೊಂಡು, ಊದಿದ ಮುಖವನ್ನೇ ಕ್ಯಾಮೆರಾ ಮುಂದೆ ಹಿಡಿದರು, ಸರಿಯಾದ ವೈದ್ಯರ ಹತ್ತಿರ ಹೋಗಿ ಎಂದು ಹೇಳಿದರು. ಅವರ ಬಟ್ಟೆಯ ಬಗ್ಗೆ ನಮ್ಮೂರಿನವರಿಗೆ ನೂರು ತಕರಾರುಗಳಿವೆ. ಆ ಒಂದು ವಿಡಿಯೊವನ್ನು ಮಾತ್ರ ತಾಲ್ಲೂಕು ಆಸ್ಪತ್ರೆಯ ಟಿ.ವಿ.ಯಲ್ಲಿ ದಿನಾ ಹಾಕಬೇಕೆಂಬುದು ನನ್ನ ಅಭಿಪ್ರಾಯ.

ಇಷ್ಟೆಲ್ಲ ಓದಿಯೂ ಬರುವ ಮನಸ್ಸಿದ್ದರೆ ನಿಮ್ಮನ್ನು ತಡೆಯಲು ನಾನ್ಯಾರು? ನೋಂದಣಿ ಪತ್ರ ಗೋಡೆಗೆ ಹಾಕಿ, ಡಿಗ್ರಿಯ ಪಕ್ಕದಲ್ಲಿ ಓದಿದ ವರ್ಷವನ್ನೂ ಬರೆಯಿರಿ. ಹಯಲುರಾನಿಡೇಸ್ ತನ್ನಿ, ಒಂದು ಸೀಸೆಯಲ್ಲ, ಧಾರಾಳವಾಗಿ. ನಾಳ ಕಟ್ಟಿದರೆ ಒಂದಕ್ಕೆ ಅದು ಬಗ್ಗುವುದಿಲ್ಲ. ಚುಚ್ಚುವ ಮೊದಲು ಹತ್ತಿರದ ನೇತ್ರತಜ್ಞರಿಗೆ ಫೋನು ಮಾಡಿ, ಅವರು ಊರಲ್ಲಿದ್ದಾರೆಯೇ ಎಂದು ಕೇಳಿಕೊಳ್ಳಿ. ಭಾನುವಾರ ಅವರು ಮಗಳ ಮನೆಗೆ ಹೋಗಿದ್ದರೆ ನೀವೂ ಮನೆಗೆ ಹೋಗಿ.

ಕೋಣೆಯ ಚಿಂತೆ ಬೇಡ. ನಾಲ್ಕೂ ಊರಿನಲ್ಲಿ ಸರ್ಕಾರಿ ಆಸ್ಪತ್ರೆಯ ಹತ್ತಿರವೇ ಬಾಡಿಗೆಗೆ ಹುಡುಕಿಕೊಡುತ್ತೇನೆ. ಒಂದೇ ತೊಡಕು. ನಮ್ಮ ಕಡೆಯ ಮಾಲೀಕರು ಹನ್ನೊಂದು ತಿಂಗಳ ಕರಾರಿಗೆ ಒಗ್ಗಿಹೋಗಿದ್ದಾರೆ. ನೀವು ತುಂಬಿದ ಜೆಲ್ ಅದಕ್ಕಿಂತ ಹೆಚ್ಚು ಕಾಲ ನಮ್ಮಲ್ಲಿ ವಾಸ ಮಾಡುವುದರಿಂದ ನಿಮ್ಮದೂ ಅಷ್ಟೇ ಕಾಲದ ಕರಾರು ಆಗಬೇಕೆಂದು ಅವರಿಗೆ ಹೇಳಿದ್ದೇನೆ. ಮುಂಗಡ ಹಣವನ್ನು ಎಂಆರ್‌ಐ ಕ್ಲಿಯರ್ ಆದ ಮೇಲೆ ವಾಪಸು ಕೊಡುತ್ತಾರಂತೆ. ಒಪ್ಪಿಗೆಯಿದ್ದರೆ ಛಾಪಾ ಕಾಗದ ತೆಗೆಸುತ್ತೇನೆ, ತಿಳಿಸಿ.

ಇಂತಿ,
ಕಣ್ಣ ಕೆಳಗಿನ ಕುಳಿಯನ್ನು ಹಾಗೆಯೇ ಉಳಿಸಿಕೊಂಡಿರುವ
ದಾವಣಗೆರೆ ಜಿಲ್ಲೆಯ ಒಬ್ಬ ನಿವಾಸಿ